ಪುಟ್ಟಿಯ ಮಿಕ್ಸರ್, ತಾತನ ಕಿವಿ

"ತಾತ, ಮಿಕ್ಸರ್ ತಂದಿದ್ದೀನಿ!"

ಕಳೆದ ವರ್ಷ ಶ್ರಾವಣದ ಒಂದು ಸಂಜೆ ಮೊಮ್ಮಗಳು ಪುಟ್ಟಿ ಹೀಗೆ ಕೂಗುತ್ತಾ ಮನೆಯೊಳಗೆ ಬಂದಳು. ಅಡುಗೆಮನೆಯಿಂದ ಅವಳ ಅಜ್ಜಿ, "ಇರೋ ಮಿಕ್ಸಿ ಚೆನ್ನಾಗೇ ತಿರುಗ್ತಿದೆಯಲ್ಲೇ, ಇನ್ನೊಂದು ಯಾಕೆ?" ಎಂದಳು. ನನಗೆ ಕೇಳಿಸಿದ್ದೇ ಬೇರೆ. "ತಾತ, ಮಿಕ್ಚರ್ ತಂದಿದ್ದೀನಿ" ಅಂತ! ಖಾರದ ಮಿಕ್ಚರ್ ಎಂದರೆ ನನಗೆ ಪ್ರಾಣ. ಪೇಪರ್ ಮಡಚಿಟ್ಟು ಕೈ ಚಾಚಿದೆ. ಪುಟ್ಟಿ ನನ್ನ ಕೈಗೆ ಒಂದು ಕಪ್ಪು ಪೆಟ್ಟಿಗೆ ಕೊಟ್ಟಳು. ಅದರ ಮೈತುಂಬ ಬಟನ್‌ಗಳು, ನಾಬ್‌ಗಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಚುರುಕ್ ಎಂದಿತು. ಇತ್ತೀಚೆಗೆ ನಮ್ಮ ಮನೆಯಲ್ಲಿ ನಗು ಏಳುವುದೆಲ್ಲ ನನ್ನ ಕಿವಿಯಿಂದಲೇ. "ಸಾರು" ಎಂದರೆ "ಚಾರು" ಎನ್ನುತ್ತೇನೆ. "ಶಾಲು ಕೊಡಿ" ಎಂದರೆ ಹಾಲಿನ ಲೋಟ ಕೊಡುತ್ತೇನೆ. ಹಿತ್ತಲಿನ ನಿಂಬೆಗಿಡದಲ್ಲಿ ಸೂರಕ್ಕಿ ಗೂಡು ಕಟ್ಟಿದೆ, ಬೆಳಗಿನಿಂದ ಚಿಲಿಪಿಲಿ ಎನ್ನುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಕೊಕ್ಕು ಆಡುವುದು ನನಗೆ ಕಾಣುತ್ತದೆ, ದನಿ ಕೇಳುವುದಿಲ್ಲ.

ಇದಕ್ಕೆ ವಯಸ್ಸೊಂದೇ ಕಾರಣವಲ್ಲ ಮಕ್ಕಳೇ. ಅದನ್ನು ಹೇಳಲೆಂದೇ ಈ ಬರಹ.

ಹಗಲು ಗುಮಾಸ್ತೆ ಕೆಲಸ, ಶನಿವಾರ ಭಾನುವಾರ ಆರ್ಕೆಸ್ಟ್ರಾದಲ್ಲಿ ತಬಲಾ, ಆಮೇಲಾಮೇಲೆ ರಿದಂ ಪ್ಯಾಡ್. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಗಣೇಶನ ಹಬ್ಬ ಬಂತೆಂದರೆ ಒಂದು ತಿಂಗಳು ರಾತ್ರಿ ಮನೆಯ ಮುಖ ನೋಡಿದವನಲ್ಲ. ನಂತರ ರಾಜ್ಯೋತ್ಸವ, ಊರ ಜಾತ್ರೆ, ಮದುವೆಯ ಆರತಕ್ಷತೆ. ವೇದಿಕೆಯ ಮೇಲೆ ನಮ್ಮ ಕಾಲಬುಡದಲ್ಲಿ ಇಳಿಜಾರು ಮುಖದ ಸ್ಪೀಕರ್‌ಗಳನ್ನು ಇಡುತ್ತಿದ್ದರು. ಜನರಿಗಾಗಿ ಇಟ್ಟ ದೊಡ್ಡ ಸ್ಪೀಕರ್‌ಗಳು ಆ ಕಡೆ ತಿರುಗಿರುತ್ತವೆ. ನಾವು ನುಡಿಸಿದ್ದು ನಮಗೇ ಕೇಳಲೆಂದು ಈ ಕಡೆ ತಿರುಗಿದವು ಇವು. ಇವಕ್ಕೆ ಮಾನಿಟರ್ ಎಂದು ಹೆಸರು.

ಕಾರ್ಯಕ್ರಮ ಶುರುವಾಗಿ ಎರಡು ಹಾಡು ಮುಗಿಯುವಷ್ಟರಲ್ಲಿ ಗಾಯಕರು ಸನ್ನೆ ಮಾಡುತ್ತಿದ್ದರು, "ನನ್ನ ದನಿ ಜಾಸ್ತಿ ಮಾಡಿ." ಅದು ಜಾಸ್ತಿಯಾದರೆ ಕೀಬೋರ್ಡಿನವರಿಗೆ ತಮ್ಮದು ಕೇಳುತ್ತಿರಲಿಲ್ಲ. "ನಂದೂ ಜಾಸ್ತಿ ಮಾಡಿ." ಆಮೇಲೆ ನಾನು. ಆಮೇಲೆ ಗಿಟಾರಿನವರು. ಸಂತೆಯಲ್ಲಿ ಒಬ್ಬ ಗಟ್ಟಿಯಾಗಿ ಕೂಗಿದರೆ ಪಕ್ಕದವನು ಇನ್ನೂ ಗಟ್ಟಿಯಾಗಿ ಕೂಗುತ್ತಾನಲ್ಲ, ಹಾಗೆ. ರಾತ್ರಿ ಮನೆಗೆ ಬಂದು ಮಲಗಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬೆಳಿಗ್ಗೆ ಹೋಗುತ್ತಿತ್ತು. ಕೆಲವು ವರ್ಷ ಹೀಗೆ ಬಂದು ಹೋಗುತ್ತಿದ್ದದ್ದು ಒಂದು ಬೆಳಿಗ್ಗೆ ಹೋಗಲೇ ಇಲ್ಲ. ಇವತ್ತಿಗೂ ಇದೆ. ಈ ಸಾಲು ಬರೆಯುವಾಗಲೂ ಎಡಗಿವಿಯಲ್ಲಿ ಕೂತು ಕೂಗುತ್ತಿದೆ. ಆಗ ನಾನು ಯಾರಿಗೂ ಹೇಳಲಿಲ್ಲ.

ಇಷ್ಟು ಹೇಳಿ ಪುಟ್ಟಿಯ ಪೆಟ್ಟಿಗೆಗೆ ಬರುತ್ತೇನೆ.

ಎಂಟನೇ ತರಗತಿಯ ಪುಟ್ಟಿ ನಮ್ಮ ಬಡಾವಣೆಯ ಮಕ್ಕಳ ತಂಡದಲ್ಲಿ ಹಾಡುತ್ತಾಳೆ. ಒಬ್ಬ ಗಿಟಾರ್, ಒಬ್ಬಳು ಪಿಟೀಲು, ಒಬ್ಬಳು ಕೀಬೋರ್ಡ್, ಇನ್ನೊಬ್ಬ ಡ್ರಮ್ಸ್. ಗಣೇಶನ ಪೆಂಡಾಲಿನಲ್ಲಿ ಅವರದೇ ಕಾರ್ಯಕ್ರಮವೆಂದು ನಿಶ್ಚಯವಾಗಿತ್ತು. ಗಿಟಾರ್ ಹುಡುಗನ ಸೋದರಮಾವ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರು. ತಮ್ಮ ಬಳಿ ಇದ್ದ ಐದು ಹಳೆಯ ಪೆಟ್ಟಿಗೆಗಳನ್ನು ಮಕ್ಕಳಿಗೆ ಕೊಟ್ಟಿದ್ದರು. ಅದರಲ್ಲಿ ಒಂದನ್ನು ಪುಟ್ಟಿ ತಾತನಿಗೆ ತೋರಿಸಲೆಂದು ತಂದಿದ್ದಳು.

"ಇದರಲ್ಲಿ ಹದಿನಾರು ಬಟನ್ ಇದೆ ನೋಡು ತಾತ. ಒಂದು ನನ್ನ ಮೈಕು, ಒಂದು ಪಿಟೀಲು, ಒಂದು ಗಿಟಾರು, ಹೀಗೆ. ಯಾವುದು ಎಷ್ಟು ಕೇಳಬೇಕು ಅಂತ ನಾನೇ ಇಟ್ಕೋಬಹುದು. ಅದು ನನ್ನ ಕಿವಿಗೆ ಮಾತ್ರ. ಬೇರೆಯವರ ಕಿವೀಲಿ ಅವರವರದು."

ನನಗೆ ಪಂಕ್ತಿ ಊಟ ನೆನಪಾಯಿತು. ನಮ್ಮ ಕಾಲದ ಮಾನಿಟರ್ ಎಂದರೆ ಎಲ್ಲರಿಗೂ ಒಂದೇ ಹಂಡೆಯ ಸಾರು. ಒಬ್ಬರಿಗೆ ಉಪ್ಪು ಸಾಲದು ಎಂದು ಹಂಡೆಗೇ ಉಪ್ಪು ಸುರಿದರೆ ಉಳಿದವರ ಗತಿ? ಈ ಪೆಟ್ಟಿಗೆ ಬಂದ ಮೇಲೆ ಪ್ರತಿಯೊಬ್ಬರ ಎಲೆಯ ತುದಿಗೂ ಬೇರೆ ಬೇರೆ ಉಪ್ಪು. ಬೇಕಾದಷ್ಟು ಕಲಸಿಕೊಳ್ಳಿ. ಕಿವಿಯೊಳಗೆ ಕೂರುವ ಪುಟ್ಟ ಇಯರ್‌ಫೋನಿಗೆ ಇನ್-ಇಯರ್ ಮಾನಿಟರ್ ಎಂದು ಹೆಸರು. ಅದಕ್ಕೆ ಬೇಕಾದ ಹದದಲ್ಲಿ ದನಿಗಳನ್ನು ಬೆರೆಸಿ ಕೊಡುವ ಪೆಟ್ಟಿಗೆ ಪರ್ಸನಲ್ ಮಿಕ್ಸರ್.

ಈ ಇಯರ್‌ಫೋನುಗಳ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ವ್ಯಾನ್ ಹೇಲನ್ ಎಂಬ ರಾಕ್ ತಂಡದಲ್ಲಿ ಜೆರ್ರಿ ಹಾರ್ವಿ ಎಂಬ ಧ್ವನಿ ತಂತ್ರಜ್ಞರಿದ್ದರು. ಆ ತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್ ಅವರಿಗೆ ವೇದಿಕೆಯ ಅಬ್ಬರದಲ್ಲಿ ಸರಿಯಾಗಿ ಕೇಳಲೆಂದು ಹಾರ್ವಿ ಕಿವಿಯೊಳಗೆ ಕೂರುವ ಮಾನಿಟರ್ ಮಾಡಿಕೊಟ್ಟರು. 1995ರಲ್ಲಿ ಅದನ್ನೇ ಮಾರುವ ಕಂಪನಿಯನ್ನೂ ಕಟ್ಟಿದರು. ಅವರಿಗಿಂತ ಮೊದಲೂ ಇಂಥ ಪ್ರಯತ್ನಗಳು ನಡೆದಿದ್ದವು. ಈಗ ಸಿನಿಮಾ ಗಾಯಕರಿಂದ ಹಿಡಿದು ಬಡಾವಣೆಯ ಮಕ್ಕಳವರೆಗೆ ಇದು ಬಂದಿದೆ.

"ಎಂಥ ಒಳ್ಳೆ ಯಂತ್ರ! ನಮ್ಮ ಕಾಲದಲ್ಲಿ ಇದಿದ್ದಿದ್ದರೆ ನನ್ನ ಕಿವಿ ಉಳೀತಿತ್ತು" ಎಂದೆ. ಅಷ್ಟು ಹೇಳಿ ಸುಮ್ಮನಾದದ್ದು ನನ್ನ ತಪ್ಪು. ಒಳ್ಳೆಯ ಚಾಕುವನ್ನೂ ಹಿಡಿಯುವುದನ್ನು ಕಲಿಸಿಯೇ ಮಕ್ಕಳ ಕೈಗೆ ಕೊಡಬೇಕು.

ಮಾರನೆಯ ಸಂಜೆ ಸಮುದಾಯ ಭವನದಲ್ಲಿ ಪ್ರಾಕ್ಟೀಸ್. ಮಾಮ ಬರುವುದು ತಡವಾಗಿತ್ತು. ಮಕ್ಕಳಿಗೆ ತಡೆಯಲಿಲ್ಲ. ತಾವೇ ವೈರ್ ಚುಚ್ಚಿ, ಇಯರ್‌ಫೋನ್ ಹಾಕಿಕೊಂಡು ಶುರು ಮಾಡಿಬಿಟ್ಟರು. ಪುಟ್ಟಿಗೆ ತನ್ನ ದನಿ ಸಾಕಾಗಲಿಲ್ಲವಂತೆ, ನಾಬ್ ತಿರುಗಿಸುತ್ತಾ ಹೋದಳು. ಅಷ್ಟರಲ್ಲಿ ಯಾರೋ ಕೀಬೋರ್ಡಿನ ಜ್ಯಾಕ್ ಕಿತ್ತು ಬೇರೆ ಕಡೆ ಚುಚ್ಚಿದರು. ಢಬ್! ಪಟಾಕಿ ಕಿವಿಯೊಳಗೇ ಸಿಡಿದಂತಾಯಿತಂತೆ. ಪುಟ್ಟಿ ಇಯರ್‌ಫೋನ್ ಕಿತ್ತೆಸೆದು ಕಿವಿ ಮುಚ್ಚಿಕೊಂಡು ಕೂತುಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದಳು.

"ತಾತ, ಕಿವೀಲಿ ಜೀರುಂಡೆ ಕೂಗ್ತಾ ಇದೆ. ನಿನಗೂ ಕೇಳ್ತಿದೆಯಾ?"

ನನ್ನ ತುತ್ತು ಕೈಯಲ್ಲೇ ಉಳಿಯಿತು. ಆ ಜೀರುಂಡೆಯ ಪರಿಚಯ ನನಗಿಂತ ಚೆನ್ನಾಗಿ ಯಾರಿಗಿದೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಸಲ ಎದ್ದು ಹೋಗಿ ಅವಳ ಮುಖ ನೋಡಿ ಬಂದೆ. ಬೆಳಿಗ್ಗೆ ಅವಳು ಹಲ್ಲುಜ್ಜುತ್ತಾ, "ಹೋಯ್ತು ತಾತ!" ಎಂದಾಗ ದೇವರ ಮನೆಯ ಕಡೆ ಕೈ ಮುಗಿದೆ. ಆದರೂ ಬಿಡಲಿಲ್ಲ, ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ವೈದ್ಯರು ಕಿವಿ ನೋಡಿ, ತೊಂದರೆಯಿಲ್ಲ ಎಂದರು. ಆಮೇಲೆ ಒಂದು ಹಾಳೆಯ ಮೇಲೆ ಚಿತ್ರ ಬರೆದರು. ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಅಂಗವಿದೆ. ಗಾತ್ರ ಬಟಾಣಿ ಕಾಳಿನಷ್ಟು. ಅದರೊಳಗೆ ಕೂದಲಿನಂಥ ತುದಿಗಳಿರುವ ಸೂಕ್ಷ್ಮ ಜೀವಕೋಶಗಳು. ಹುಟ್ಟುವಾಗ ಒಂದೊಂದು ಕಿವಿಗೂ ಸುಮಾರು 15 ಸಾವಿರ. ಶಬ್ದ ಬಂದಾಗ ಇವು ಅಲುಗಿ ಮೆದುಳಿಗೆ ಸುದ್ದಿ ಕಳಿಸುತ್ತವೆ.

"ಹುಲ್ಲಿನ ಮೇಲೆ ಒಂದು ಸಲ ನಡೆದರೆ ಬಾಗುತ್ತೆ, ಆಮೇಲೆ ಏಳುತ್ತೆ" ಎಂದರು ವೈದ್ಯರು. "ದಿನಾ ಅಲ್ಲೇ ನಡೆದರೆ?"

"ಕಾಲುದಾರಿ ಆಗಿಬಿಡುತ್ತೆ" ಎಂದಳು ಪುಟ್ಟಿ.

"ಅಷ್ಟೇ. ನಿನ್ನ ಹುಲ್ಲು ಈ ಸಲ ಎದ್ದಿದೆ. ಒಳಗೆ ಏನಾದರೂ ಸವೆದಿದ್ದರೂ ಅದು ಈಗಲೇ ಗೊತ್ತಾಗಲ್ಲ. ಇನ್ನು ಮೇಲೆ ತುಳಿಯಬೇಡ. ಕೋಳಿ, ಗುಬ್ಬಿ ಇವುಗಳಲ್ಲಿ ಈ ಕೋಶ ಸತ್ತರೆ ಮತ್ತೆ ಹುಟ್ಟುತ್ತೆ. ಮನುಷ್ಯರಲ್ಲಿ ಹುಟ್ಟಲ್ಲ."

ಕೋಳಿಗಿರುವ ಭಾಗ್ಯ ನಮಗಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಪುಟ್ಟಿಗೆ ಬೇಸರ. ಹೊರಡುವ ಮುಂಚೆ ವೈದ್ಯರು ಇನ್ನೊಂದು ಮಾತು ಹೇಳಿದ್ದರು. ಕಿವಿಯ ಗುಂಯ್‌ಗುಡುವಿಕೆ ಒಂದು ದಿನವಾದರೂ ಹೋಗದಿದ್ದರೆ ಅಥವಾ ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ, ನಾಳೆ ನೋಡೋಣ ಎನ್ನದೆ ವೈದ್ಯರಲ್ಲಿಗೆ ಓಡಬೇಕು. ಓದುತ್ತಿರುವ ಅಜ್ಜ ಅಜ್ಜಿಯರೂ ಇದನ್ನು ನೆನಪಿಡಿ.

ಆ ಸಂಜೆ ನಾನೂ ಸಮುದಾಯ ಭವನಕ್ಕೆ ಹೋದೆ. ಪುಟ್ಟಿಯನ್ನು ತಂಡದಿಂದ ಬಿಡಿಸಲು ಎಂದು ಮಕ್ಕಳು ಭಾವಿಸಿದರು. ಹೆಂಡತಿಯೂ ಹಾಗೇ ಹೇಳಿ ಕಳಿಸಿದ್ದಳು. ಆದರೆ ಬಿಡಿಸಿದರೆ ಅವಳು ಹಾಡುವುದನ್ನು ಬಿಡುತ್ತಾಳೆಯೇ? ಇನ್ನೆಲ್ಲೋ, ದೊಡ್ಡ ಸ್ಪೀಕರ್ ಮುಂದೆ ನಿಂತು ಹಾಡುತ್ತಾಳೆ. ಅದರ ಬದಲು ಈ ಯಂತ್ರವನ್ನೇ ಸರಿಯಾಗಿ ಕಲಿಯಲಿ ಎಂದುಕೊಂಡೆ. ಮಾಮನಿಗೆ ಹೇಳಿದೆ, "ಮೊದಲು ನನಗೆ ಕಲಿಸಿಕೊಡಿ. ನನಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತೆ." ಅವರು ನಕ್ಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಾವೂ ಸುತ್ತ ಕೂತೆವು.

ಮೈಕು, ವಾದ್ಯ ಎಲ್ಲದರ ವೈರೂ ಮೊದಲು ದೊಡ್ಡ ಮಿಕ್ಸರಿಗೆ ಬರುತ್ತದೆ. ಯಾವ ದನಿ ಎಷ್ಟು ಬಲವಾಗಿ ಒಳಗೆ ಬರಬೇಕೆಂಬ ಅಳತೆಯನ್ನು ಅಲ್ಲಿ ಕೂತವರೇ ಸರಿಮಾಡಬೇಕು. ಅಲ್ಲಿ ಕೆಟ್ಟರೆ ನಮ್ಮ ಪುಟ್ಟ ಪೆಟ್ಟಿಗೆಯಲ್ಲಿ ಎಷ್ಟು ತಿರುಗಿಸಿದರೂ ಸರಿಹೋಗದು. ಅಲ್ಲಿಂದ ಒಂದೇ ಒಂದು ಕೇಬಲ್ಲಿನಲ್ಲಿ ಹದಿನಾರೂ ದನಿಗಳು ಪುಟ್ಟ ಪೆಟ್ಟಿಗೆಗೆ ಹರಿದುಬರುತ್ತವೆ. ಆ ಕೇಬಲ್ ನೋಡಲು ಶಾಲೆಯ ಕಂಪ್ಯೂಟರ್ ಲ್ಯಾಬಿನ ನೆಟ್‌ವರ್ಕ್ ಕೇಬಲ್ಲಿನಂತೆಯೇ ಇದೆ. ಆದರೆ ಇದರಲ್ಲಿ ಹರಿಯುವುದು ಹಾಡು, ಇಂಟರ್‌ನೆಟ್ ಅಲ್ಲ. ಇದನ್ನು ಮನೆಯ ಇಂಟರ್‌ನೆಟ್ ಪೆಟ್ಟಿಗೆಗೆ ಚುಚ್ಚಿ ಆಟವಾಡಬಾರದು.

ಆಮೇಲೆ ಮಾಮ ಕೇಳಿದರು, "ನಿನ್ನೆ ಢಬ್ ಅಂದಾಗ ಇಯರ್‌ಫೋನ್ ಎಲ್ಲಿತ್ತು?"

"ಕಿವೀಲಿ" ಎಂದಳು ಪುಟ್ಟಿ.

"ಯಾರಾದರೂ ವೈರ್ ಕೀಳುವಾಗ, ಚುಚ್ಚುವಾಗ, ಸ್ವಿಚ್ ಒತ್ತುವಾಗ ಅದು ಕಿವೀಲಿ ಇರಲೇಬಾರದು. ಮೇಜಿನ ಮೇಲೆ ಇರಬೇಕು. ನಾಬ್ ಸೊನ್ನೆಯಲ್ಲಿ ಇರಬೇಕು."

ಪೆಟ್ಟಿಗೆಯಲ್ಲಿ ಲಿಮಿಟರ್ ಎಂಬ ಒಂದು ನಾಬ್ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಕೆರೆಗೆ ಕೋಡಿ ಇದ್ದಂತೆ ಅದು. ನೀರು ಎಷ್ಟೇ ಬರಲಿ, ಕೋಡಿಯ ಮಟ್ಟ ದಾಟದಂತೆ ತಡೆಯುತ್ತದೆ. ಹಠಾತ್ತನೆ ಬರುವ ದೊಡ್ಡ ಸದ್ದನ್ನು ಲಿಮಿಟರ್ ಅದುಮುತ್ತದೆ. "ಆದರೆ ಕೋಡಿ ಇದೆ ಅಂತ ಕೆರೆ ತುಂಬಿಸೋಕೆ ಹೋಗಬೇಡಿ" ಎಂದರು ಮಾಮ. ನಾಬ್ ಪೂರ್ತಿ ತಿರುಗಿಸಿಟ್ಟು, ಲಿಮಿಟರ್ ನೋಡಿಕೊಳ್ಳುತ್ತೆ ಬಿಡು ಎಂದು ಕೂತರೆ ಒಂದೇ ಸಮನೆ ಬರುವ ಜೋರು ದನಿಯಿಂದ ಕಿವಿ ಸವೆಯುತ್ತದೆ.

ಜೋರು ಎಂದರೆ ಎಷ್ಟು? ಶಬ್ದವನ್ನು ಅಳೆಯುವುದು ಡೆಸಿಬೆಲ್‌ಗಳಲ್ಲಿ. ನಾವು ಕೂತು ಮಾತಾಡುವುದು ಸುಮಾರು 60 ಡೆಸಿಬೆಲ್. ದೊಡ್ಡವರು ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಯವರೆಗೆ ತಾಳಬಹುದು ಎಂದು ತಜ್ಞರ ಒಂದು ಲೆಕ್ಕವಿದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು ಬರೀ 15 ನಿಮಿಷ! ನಮ್ಮ ಆರ್ಕೆಸ್ಟ್ರಾ ರಾತ್ರಿಗಳು ನಾಲ್ಕೈದು ಗಂಟೆಯವು. ಲೆಕ್ಕ ಹಾಕುವ ಧೈರ್ಯ ನನಗೆ ಬರಲಿಲ್ಲ. ಇನ್ನು ಮಕ್ಕಳ ಕಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇನ್ನೂ ಕಡಿಮೆ. ಇಯರ್‌ಫೋನಿನಲ್ಲಿ ಕೇಳುವುದಾದರೆ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ.

ಕಿವಿಯೊಳಗೆ ಎಷ್ಟು ಡೆಸಿಬೆಲ್ ಆಗುತ್ತಿದೆ ಎಂದು ಫೋನು ಹಿಡಿದು ಅಳೆಯಲು ಬರುವುದಿಲ್ಲ. ಹಾಗಾದರೆ ಹೇಗೆ? ಎಲ್ಲ ಸೊನ್ನೆಯಿಂದ ಶುರುಮಾಡುವುದು, ಕೆಲಸ ನಡೆಯುವಷ್ಟಕ್ಕೆ ನಿಲ್ಲುವುದು. ಇದೇ ಮಾಮ ಕಲಿಸಿದ ಉಪಾಯ.

ಅವರು ಪುಟ್ಟಿಯ ಪೆಟ್ಟಿಗೆಯ ಎಲ್ಲ ದನಿಗಳನ್ನೂ ಇಳಿಸಿದರು. ಇಯರ್‌ಫೋನ್ ಸರಿಯಾಗಿ ಕೂರಿಸಲು ಹೇಳಿದರು. ಅದರ ತುದಿಯ ರಬ್ಬರಿನಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಅಳತೆಗಳಿವೆ. ಪುಟ್ಟಿ ದೊಡ್ಡದನ್ನು ಹಾಕಿಕೊಂಡಿದ್ದಳು, ಅದು ಜಾರುತ್ತಿತ್ತು. ಸಡಿಲವಾಗಿದ್ದರೆ ಮೃದಂಗದ ತೊಪ್ಪಿಯಂಥ ತಗ್ಗಿನ ನಾದಗಳು ಸೋರಿಹೋಗುತ್ತವೆ, ಹೊರಗಿನ ಗಲಾಟೆ ಒಳಗೆ ನುಗ್ಗುತ್ತದೆ. ಆಗ ನಾವು ದನಿ ಏರಿಸುತ್ತೇವೆ. ಸರಿಯಾಗಿ ಕೂತರೆ ಹೊರಗಿನ ಸದ್ದು 20 ಡೆಸಿಬೆಲ್‌ನಷ್ಟು ತಗ್ಗಬಹುದು. ಸಣ್ಣ ರಬ್ಬರ್ ಹಾಕಿದ ಕೂಡಲೇ ಪುಟ್ಟಿ ಕಣ್ಣರಳಿಸಿ, "ಅಯ್ಯೋ, ಎಲ್ಲಾ ನಿಶ್ಶಬ್ದ!" ಎಂದು ಕಿರುಚಿದಳು. ಕಿರುಚಿದ್ದು ಅವಳಿಗೇ ಗೊತ್ತಾಗಲಿಲ್ಲ.

ಈಗ ಮೊದಲು ಅವಳ ದನಿ, ಹಿತವಾಗಿ ಕೇಳುವಷ್ಟು. ಆಮೇಲೆ ಶ್ರುತಿಗೆ ಕೀಬೋರ್ಡ್, ಸ್ವಲ್ಪ. ತಾಳಕ್ಕೆ ಡ್ರಮ್ಸ್, ಇನ್ನೂ ಸ್ವಲ್ಪ. ಪಿಟೀಲು, ಗಿಟಾರ್ ಒಗ್ಗರಣೆಯಷ್ಟು. "ಹಾಡುಗಾರ್ತಿಗೆ ಬೇಕಾದ್ದು ಮೂರು. ತನ್ನ ದನಿ, ಶ್ರುತಿ, ಲಯ. ಉಳಿದದ್ದು ಜನ ಕೇಳ್ತಾರೆ ಬಿಡು" ಎಂದರು ಮಾಮ. ನನ್ನ ಗುರುಗಳೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದರು.

ಹಾಡು ಶುರುವಾಯಿತು. ಅರ್ಧದಲ್ಲಿ ಪುಟ್ಟಿ ಕೈ ಎತ್ತಿದಳು. "ನನ್ನ ದನಿ ಕೇಳ್ತಿಲ್ಲ. ಜಾಸ್ತಿ ಮಾಡ್ಲಾ?"

ಇಪ್ಪತ್ತೆರಡು ವರ್ಷ ನಾವು ಹೇಳಿದ ಅದೇ ಮಾತು! ಮಾಮ ತಲೆಯಾಡಿಸಿದರು. "ಯಾರು ನಿನ್ನ ಮೇಲೆ ಕೂತಿದಾರೆ ನೋಡು. ಅವರನ್ನ ಇಳಿಸು."

ಅವಳು ಗಿಟಾರನ್ನು ಇಳಿಸಿದಳು. ದನಿ ಕೇಳಿತು! ನಾಬ್ ಒಂದು ಕೂದಲೆಳೆಯಷ್ಟೂ ಮೇಲೆ ಹೋಗಲಿಲ್ಲ. ಮಾಮ ಆಮೇಲೆ ಪಿಟೀಲನ್ನು ಎಡಕ್ಕೂ ಗಿಟಾರನ್ನು ಬಲಕ್ಕೂ ಸರಿಸಿದರು. ಎರಡು ಕಿವಿಯ ನಡುವೆ ಒಬ್ಬೊಬ್ಬರಿಗೂ ಒಂದೊಂದು ಮಣೆ ಹಾಕಿದ ಹಾಗೆ. ಎಲ್ಲರೂ ನಡುವೆಯೇ ಗುಂಪು ಕಟ್ಟಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಬೇರೆ ಬೇರೆ ಕೂತರೆ ಮೆಲ್ಲಗೆ ಹೇಳಿದ್ದೂ ಕೇಳುತ್ತದೆ.

ನಾನು ಅಲ್ಲೇ ಕಲ್ಲಿನಂತೆ ಕೂತಿದ್ದೆ. ಇಷ್ಟೇನಾ? ಕೇಳದಿದ್ದರೆ ನಮ್ಮದನ್ನು ಏರಿಸುವುದಲ್ಲ, ಬೇರೆಯದನ್ನು ಇಳಿಸುವುದು. ಈ ಒಂದು ಮಾತು ನನಗೆ ಇಪ್ಪತ್ತೈದನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ಇವತ್ತು ಆ ಸೂರಕ್ಕಿಯ ದನಿ ನನ್ನದಾಗಿರುತ್ತಿತ್ತೋ ಏನೋ.

ಎರಡು ದಿನದ ಮೇಲೆ ಇನ್ನೊಂದು ತೊಂದರೆ ಎದ್ದಿತು. ಕಿವಿ ಮುಚ್ಚಿಕೊಂಡು ಹಾಡಿದರೆ ಮಡಕೆಯೊಳಗೆ ತಲೆ ಹಾಕಿ ಹಾಡಿದಂತಾಗುತ್ತದೆ ಎಂದು ಪುಟ್ಟಿ ಒಂದು ಕಡೆಯ ಇಯರ್‌ಫೋನ್ ತೆಗೆದು ಹೆಗಲ ಮೇಲೆ ಇಳಿಬಿಟ್ಟಳು. ಟಿ.ವಿ.ಯಲ್ಲಿ ದೊಡ್ಡ ಗಾಯಕರು ಹಾಗೆ ಮಾಡುವುದನ್ನು ನೋಡಿದ್ದಳು. ಮಾಮ ಒಪ್ಪಲಿಲ್ಲ. ಎರಡು ಕಿವಿಯಲ್ಲೂ ಕೇಳಿದರೆ ಮೆದುಳಿಗೆ ಅದೇ ದನಿ ಹೆಚ್ಚು ಅನಿಸುತ್ತದೆ. ಒಂದೇ ಕಿವಿಯಾದರೆ ಕಡಿಮೆ ಅನಿಸಿ, ಆ ಕಡೆ ಏರಿಸುತ್ತೇವೆ. ತೆರೆದಿಟ್ಟ ಕಿವಿಗೆ ಡ್ರಮ್ಸ್ ನೇರವಾಗಿ ಬಡಿಯುತ್ತದೆ. ಎರಡೂ ಕಡೆ ನಷ್ಟ. ಅದರ ಬದಲು ವೇದಿಕೆಯ ಅಂಚಿನಲ್ಲಿ ಜನರ ಕಡೆ ಮುಖ ಮಾಡಿ ಒಂದು ಮೈಕ್ ಇಟ್ಟು, ಅದರ ದನಿಯನ್ನು ಚೂರೇ ಚೂರು ಬೆರೆಸಿಕೊಟ್ಟರು. ಮಡಕೆಗೆ ಒಂದು ಕಿಟಕಿ ಇಟ್ಟಂತಾಯಿತು.

ಮಕ್ಕಳು ತಾವೇ ಒಂದು ಪಟ್ಟಿ ಬರೆದು ಸಮುದಾಯ ಭವನದ ಗೋಡೆಗೆ ಅಂಟಿಸಿದರು. ಇಲ್ಲಿದೆ ನೋಡಿ:

1. ಆನ್ ಮಾಡುವಾಗ ಮೊದಲು ಮಿಕ್ಸರ್‌ಗಳು, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಮೊದಲು ಆಂಪ್ಲಿಫೈಯರ್, ಕೊನೆಗೆ ಮಿಕ್ಸರ್‌ಗಳು.

2. ನಾಬ್ ಸೊನ್ನೆಗೆ ಬಂದ ಮೇಲೆಯೇ ಇಯರ್‌ಫೋನ್ ಕಿವಿಗೆ.

3. ಲಿಮಿಟರ್ ಹಾಕಿದೆಯಾ? ಪಕ್ಕದವರು ಒಂದು ಸಲ ನೋಡಬೇಕು.

4. ಕೇಳದಿದ್ದರೆ ಬೇರೆಯದನ್ನು ಇಳಿಸು.

5. ವೈರ್ ಮುಟ್ಟುವವರು "ವೈರ್!" ಎಂದು ಕೈ ಎತ್ತಬೇಕು. ಎಲ್ಲರೂ ಇಯರ್‌ಫೋನ್ ತೆಗೆದ ಮೇಲೆಯೇ ಮುಟ್ಟಬೇಕು.

6. ಮುಕ್ಕಾಲು ಗಂಟೆ ಹಾಡಿದರೆ ಕಾಲು ಗಂಟೆ ಕಿವಿಗೆ ರಜೆ. ಆಗ ಫೋನಿನ ಹಾಡೂ ಇಲ್ಲ.

7. ಒಬ್ಬರ ಇಯರ್‌ಫೋನ್ ಇನ್ನೊಬ್ಬರು ಹಾಕಬಾರದು. ಮುಗಿದ ಮೇಲೆ ಒರೆಸಿ ಡಬ್ಬಿಗೆ.

ಕೆಳಗೆ ನಾನೂ ಒಂದು ಸಾಲು ಸೇರಿಸಿದೆ: ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲದ ಕಡೆ ಚುಚ್ಚಬಾರದು, ಮಳೆ ಬಂದರೆ ಹಾಡು ನಿಲ್ಲಲಿ. ವೇದಿಕೆಯ ಮೇಲೆ ಮೈಕ್ ಮುಟ್ಟಿ ಜುಮ್ ಎಂದು ಶಾಕ್ ಹೊಡೆಸಿಕೊಂಡವನು ನಾನು. ಮನೆಯಲ್ಲಿ ಇಂಥ ಮಿಕ್ಸರ್ ಇಲ್ಲದ ಮಕ್ಕಳಿಗೂ ಪಟ್ಟಿಯ ಅರ್ಧ ಭಾಗ ಉಪಯೋಗಕ್ಕೆ ಬರುತ್ತದೆ. ಫೋನಿಗೆ ಇಯರ್‌ಫೋನ್ ಹಾಕಿಕೊಳ್ಳುವವರೆಲ್ಲರ ಕಿವಿಯೂ ಒಂದೇ. ಈಗಿನ ಬಹಳಷ್ಟು ಫೋನುಗಳಲ್ಲಿ ದನಿಗೆ ಮಿತಿ ಹಾಕುವ ಸೌಲಭ್ಯ ಇದೆ. ಅಪ್ಪ ಅಮ್ಮನ ಜೊತೆ ಕೂತು ಹುಡುಕಿ ಹಾಕಿಕೊಳ್ಳಿ.

ಆ ಪಟ್ಟಿ ಅಂಟಿಸಿದ ರಾತ್ರಿ ಪುಟ್ಟಿ ನನ್ನ ಮಂಚದ ಮೇಲೆ ಬಂದು ಕೂತಳು.

"ತಾತ, ನಾನು ಲಿಮಿಟರ್ ಹಾಕ್ಕೊಂಡೆ. ನೀನು ಯಾಕೆ ಮೆಷಿನ್ ಹಾಕ್ಕೊಳಲ್ಲ?"

ಶ್ರವಣ ಸಾಧನ, ಅಂದರೆ ಹಿಯರಿಂಗ್ ಏಡ್ ಹಾಕಿಸಿಕೊಳ್ಳಿ ಎಂದು ಮಗ ನಾಲ್ಕು ವರ್ಷದಿಂದ ಹೇಳುತ್ತಿದ್ದ. ನಾನು ಜಾರಿಕೊಳ್ಳುತ್ತಿದ್ದೆ. ತಬಲಾ ಬಾರಿಸಿದವನ ಕಿವಿಗೆ ಮೆಷಿನ್ನೇ? ಜನ ಏನಂದಾರು? ಆದರೆ ಪುಟ್ಟಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಕಿವಿಯ ಬಗ್ಗೆ ಊರಿಗೆಲ್ಲ ಉಪದೇಶ ಮಾಡಿ, ನನ್ನ ಕಿವಿಯ ಮಾತು ಬಂದಾಗ ಪೇಪರ್ ಮರೆಯಲ್ಲಿ ಕೂರುವುದು ನ್ಯಾಯವಲ್ಲ.

ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇರುವ ಈ ಸಂಸ್ಥೆಗೆ ದೇಶದ ಬೇರೆ ಬೇರೆ ಮೂಲೆಗಳಿಂದ ಜನ ಬರುತ್ತಾರೆ. ಊರಲ್ಲೇ ಇರುವ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಪುಟ್ಟಿಯನ್ನು ಕರೆದುಕೊಂಡು ಹೋದೆ. ಅವಳೇ ನನ್ನನ್ನು ಕರೆದುಕೊಂಡು ಹೋದಳು ಎಂದರೂ ಸರಿ. ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ನಾದಗಳನ್ನು ಕೇಳಿಸಿದರು. ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ಬಂದ ನಕ್ಷೆಯಲ್ಲಿ ತಗ್ಗಿನ ನಾದಗಳ ಕಡೆ ಗೆರೆ ಚೆನ್ನಾಗೇ ಇತ್ತು. ಎತ್ತರದ ನಾದಗಳ ಕಡೆ ಹೋದಂತೆ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ಸರಸರ ಇಳಿದಿತ್ತು. 'ಸ', 'ಶ', 'ಚ' ಎಲ್ಲವೂ, ಸೂರಕ್ಕಿಯೂ, ಆ ಇಳಿಜಾರಿನಲ್ಲೇ ಕಳೆದುಹೋಗಿದ್ದವು.

ಸಾಧನ ಕೂರಿಸುವಾಗ ಪುಟ್ಟಿ ಪಕ್ಕದಲ್ಲಿ ನಿಂತು ಕೇಳಿದಳು, "ಇದಕ್ಕೂ ಲಿಮಿಟರ್ ಇದೆಯಾ?"

ಅಲ್ಲಿದ್ದವರು ಅಚ್ಚರಿಪಟ್ಟರು. "ಇದೆ. ಕಿವಿಗೆ ಎಷ್ಟಕ್ಕಿಂತ ಜಾಸ್ತಿ ಹೋಗಬಾರದು ಅಂತ ನಾವೇ ಇಲ್ಲಿ ಇಟ್ಟು ಕಳಿಸ್ತೀವಿ" ಎಂದರು. ಪುಟ್ಟಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಹೊಸ ಕಿವಿಗೆ ಒಗ್ಗಿಕೊಳ್ಳಲು ದಿನ ಹಿಡಿಯಿತು. ಮೊದಲ ವಾರ ಪೇಪರ್ ಮಗುಚಿದರೆ ಮಡಲು ಬಿದ್ದಂತೆ ಸದ್ದು. ಪಾತ್ರೆ ತೊಳೆಯುವ ಶಬ್ದಕ್ಕೆ ಎದ್ದು ಹೊರಗೆ ಹೋಗುತ್ತಿದ್ದೆ. ಮೊದಲು ದಿನಕ್ಕೆ ಕೆಲವು ಗಂಟೆ, ಆಮೇಲೆ ಹೆಚ್ಚು ಹೊತ್ತು ಎಂದು ಅಭ್ಯಾಸ ಮಾಡಿಕೊಂಡೆ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ನಿಂಬೆಗಿಡದಿಂದ ಸಣ್ಣದೊಂದು ದನಿ. ಮೊದಲು ಕಿವಿಯ ಜೀರುಂಡೆಯೇ ಎಂದುಕೊಂಡೆ. ಅಲ್ಲ, ಅದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಕಾಫಿ ಆರುವವರೆಗೂ ಅಲ್ಲೇ ನಿಂತಿದ್ದೆ.

ಹಬ್ಬದ ಸಂಜೆ ಪೆಂಡಾಲ್ ತುಂಬಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಆರೂವರೆಗೇ ಶುರು. ವೇದಿಕೆಯ ಮೇಲೆ ಐದು ಮಕ್ಕಳು, ಐದು ಕಪ್ಪು ಪೆಟ್ಟಿಗೆಗಳು. ಕಾಲಬುಡದಲ್ಲಿ ಸ್ಪೀಕರ್ ಒಂದೂ ಇಲ್ಲ. ಪುಟ್ಟಿ ನಾಬನ್ನು ಸೊನ್ನೆಗೆ ತಿರುಗಿಸಿ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿ, ಮೆಲ್ಲಗೆ ಏರಿಸಿಕೊಂಡಳು. ಪಿಟೀಲಿನ ಹುಡುಗಿ ಅವಳ ಲಿಮಿಟರ್ ನೋಡಿ ತಲೆಯಾಡಿಸಿದಳು. ನಾನು ಸ್ಪೀಕರ್‌ಗಳಿಂದ ದೂರ, ಮೂರನೇ ಸಾಲಿನಲ್ಲಿ ಕೂತು ನನ್ನ ಕಿವಿಯ ಮೆಷಿನ್ನು ಮುಟ್ಟಿ ನೋಡಿಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇಬ್ಬರೂ ನಕ್ಕೆವು.

ಅವಳು ಹಾಡಿದಳು. ಯಾರಿಗೂ "ಜಾಸ್ತಿ ಮಾಡಿ" ಎಂದು ಸನ್ನೆ ಮಾಡಲಿಲ್ಲ. ನಡುವೆ ಒಂದು ಸಲ ಮಾತ್ರ ಬಗ್ಗಿ ಯಾವುದನ್ನೋ ಇಳಿಸಿದಳು. ಹಾಡಿನ ಕೊನೆಯ 'ಸ' ಕೂಡ ನನಗೆ ಕೇಳಿಸಿತು.

ಮುಗಿದ ಮೇಲೆ ಜನರ ಗದ್ದಲದಲ್ಲಿ ಅವಳು ಬೆನ್ನ ಹಿಂದಿನಿಂದ ಬಂದು ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು. "ತಾತ, ನಿನಗೆ ಮಿಕ್ಸರ್ ಬೇಕಾ, ಮಿಕ್ಚರ್ ಬೇಕಾ?"

ನಾನು ತಿರುಗದೆಯೇ ಕೈ ಚಾಚಿದೆ. "ಮಿಕ್ಚರ್."

ಅಂಗೈಯಲ್ಲಿ ಬಿಸಿಬಿಸಿ ಖಾರದ ಪೊಟ್ಟಣ ಬಿತ್ತು.